ಕೋಡಿಂಗ್ ಕಲಿಕೆ, ಹವ್ಯಾಸ, ಊರಿನ ಕಾರ್ಯಕ್ರಮ: ಯಾರಿಗೆ ಯಾವ ಏರ್ಪಾಡು ಸರಿ?

ತಾವಾಗಿಯೇ ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಮೊದಲು ಕೇಳುವುದು "ಯಾವ ಕೋರ್ಸ್ ಒಳ್ಳೇದು?" ಅಂತ. ಅದನ್ನು ಎರಡನೆಯದಾಗಿ ಕೇಳಿದರೂ ನಡೆಯುತ್ತದೆ. ದುಡ್ಡಿಲ್ಲದೆ ಸಿಗುವ ಹೆಸರಾಂತ ಕೋರ್ಸ್‌ಗಳಲ್ಲಿ ಪಾಠವೇ ಚೆನ್ನಾಗಿಲ್ಲ ಅನ್ನುವಂಥದ್ದು ಕಡಿಮೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಹತ್ತು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಈ ಏರ್ಪಾಡು ಉಳಿಯುತ್ತದಾ?

ಹತ್ತು ದಿನ ಹೋಗುವುದಂತೂ ಗ್ಯಾರಂಟಿ. ಗಣೇಶನ ಹಬ್ಬ ಬರುತ್ತದೆ. ಚಿಕ್ಕಮ್ಮನ ಮಗಳ ಮದುವೆ ಬರುತ್ತದೆ. ಆಫೀಸಿನಲ್ಲಿ ರಿಲೀಸ್ ಬರುತ್ತದೆ. ನಾಟಕದ ರಿಹರ್ಸಲ್ ಶುರುವಾಗುತ್ತದೆ. ಇದನ್ನೆಲ್ಲ ಬಿಟ್ಟು ಓದು ಅನ್ನುವ ಸಲಹೆಗೆ ಬರವಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ. ಕೋಡಿಂಗ್‌ಗೋಸ್ಕರ ಹವ್ಯಾಸ ಬಿಟ್ಟವರು ಸ್ವಲ್ಪ ದಿನಕ್ಕೆ ಕೋಡಿಂಗನ್ನೂ ಬಿಟ್ಟು ಕೂತಿರುವುದನ್ನು ಸಾಕಷ್ಟು ನೋಡಿದ್ದೇನೆ. ಹಾಗಾಗಿ ಇಲ್ಲಿ ಹೋಲಿಸುವುದೆಲ್ಲ ಒಂದೇ ಅಳತೆಯಲ್ಲಿ: ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಎಷ್ಟು ಸುಲಭ.

ದಿನಕ್ಕೊಂದು ಗಂಟೆಯೋ, ವಾರಕ್ಕೆರಡು ಸಂಜೆಯೋ

ಎಲ್ಲರೂ ಹೇಳುವುದು ದಿನಕ್ಕೊಂದು ಗಂಟೆ. 2016ರಲ್ಲಿ ಶುರುವಾದ '100 ಡೇಸ್ ಆಫ್ ಕೋಡ್' ಸವಾಲು ಕೇಳುವುದೂ ಅದನ್ನೇ: ನೂರು ದಿನ, ದಿನಕ್ಕೆ ಕಡಿಮೆಯೆಂದರೂ ಒಂದು ಗಂಟೆ. ಹೊಸಬರಿಗೆ, ಅದರಲ್ಲೂ ಮೊದಲ ಎರಡು ತಿಂಗಳು, ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಲೂಪ್ ಬರೆಯುವುದು, ಲಿಸ್ಟ್‌ಗೂ ಡಿಕ್ಷನರಿಗೂ ಇರುವ ವ್ಯತ್ಯಾಸ, ಇಂಡೆಂಟೇಶನ್ ತಪ್ಪಿದಾಗ ಬರುವ ಎರರ್, ಇವೆಲ್ಲ ತಲೆಗಿಂತ ಮೊದಲು ಕೈಗೆ ಹತ್ತಬೇಕು. ವಾರಕ್ಕೊಮ್ಮೆ ಮುಟ್ಟಿದರೆ ಪ್ರತಿ ವಾರವೂ ಮೊದಲನೇ ವಾರವೇ.

ತೊಂದರೆ ಶುರುವಾಗುವುದು ಆಮೇಲೆ. ನಿಮ್ಮದೇ ಒಂದು ಪ್ರಾಜೆಕ್ಟ್ ಮುನ್ನೂರು ಸಾಲು ದಾಟಿತು ಅಂದುಕೊಳ್ಳಿ. ನಿನ್ನೆ ಎಲ್ಲಿ ನಿಲ್ಲಿಸಿದ್ದೆ, ಈ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಯಾಕೆ ಹೀಗಿದೆ ಅಂತ ನೆನಪು ಮಾಡಿಕೊಳ್ಳಲಿಕ್ಕೇ ಇಪ್ಪತ್ತು ನಿಮಿಷ ಬೇಕು. ಉಳಿದದ್ದರಲ್ಲಿ ಕೆಲಸ ಕೈಗೆ ಹತ್ತುವಷ್ಟರಲ್ಲಿ ಊಟಕ್ಕೆ ಕರೆ ಬರುತ್ತದೆ. ಈ ಹಂತದಲ್ಲಿ ದಿನಾ ಒಂದು ಗಂಟೆಗಿಂತ ವಾರಕ್ಕೆ ಎರಡು ಸಲ ಎರಡೆರಡು ಗಂಟೆ ಮೇಲು. ಒಟ್ಟು ಹೊತ್ತು ಕಡಿಮೆಯಾದರೂ ಕೆಲಸ ಜಾಸ್ತಿ ಆಗುತ್ತದೆ.

ದಿನದ ಲೆಕ್ಕಕ್ಕೆ ಇನ್ನೊಂದು ರೋಗವಿದೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಪ್ರೊಫೈಲಿನಲ್ಲಿ ಒಂದು ಕಾಲಕ್ಕೆ ಎಷ್ಟು ದಿನ ಬಿಡದೆ ಕೋಡ್ ಹಾಕಿದ್ದೀರಿ ಅಂತ ಕಾಣುತ್ತಿತ್ತು. 2016ರಲ್ಲಿ ಅದನ್ನು ತೆಗೆದರು. ಕೋಡ್ ಹಾಕಿದ ದಿನಕ್ಕೊಂದರಂತೆ ಹಸಿರು ಚೌಕಗಳು ಮಾತ್ರ ಉಳಿದಿವೆ. ಒಂದು ದಿನ ತಪ್ಪಿ ಲೆಕ್ಕ ಸೊನ್ನೆಗೆ ಬಂತು ಅಂತ ಪೂರ್ತಿ ಕೈಬಿಡುವವರಿದ್ದಾರೆ. ಮದುವೆ ಮನೆಯ ಮೂಲೆಯಲ್ಲಿ ಕೂತು ಯಾವುದೋ ಫೈಲಿನಲ್ಲಿ ಒಂದು ಪದ ತಿದ್ದಿ ಚೌಕ ಹಸಿರು ಮಾಡಿಕೊಳ್ಳುವವರೂ ಇದ್ದಾರೆ. ಕಲಿಕೆ ಇಬ್ಬರಿಗೂ ಆಗುವುದಿಲ್ಲ.

ನಿಮ್ಮ ಹವ್ಯಾಸವೂ ದಿನಾ ಬೇಡುವಂಥದ್ದಾದರೆ ಇನ್ನೂ ಕಷ್ಟ. ಸಂಗೀತ, ಮೃದಂಗ, ಓಟ, ಶಟಲ್ ಇಂಥವು. ಸೀನಿಯರ್ ಪರೀಕ್ಷೆಗೆ ತಯಾರಾಗುತ್ತಿರುವವರು ನಾಲ್ಕು ದಿನ ಸಾಧನೆ ಬಿಟ್ಟರೆ ಗಂಟಲು ಹೇಳಿಬಿಡುತ್ತದೆ. ಕೋಡಿಂಗ್ ಅಷ್ಟು ಬೇಗ ಮುನಿಸಿಕೊಳ್ಳುವುದಿಲ್ಲ. ಹಾಗಾಗಿ ಎರಡು ದಿನನಿತ್ಯದ ಸಾಧನೆಗಳನ್ನು ಒಟ್ಟಿಗೆ ಹೊರಬೇಡಿ. ಬೆಳಗಿನ ಹೊತ್ತು ಸಂಗೀತಕ್ಕೇ ಇರಲಿ. ಕೋಡಿಂಗ್‌ಗೆ ವಾರದ ಎರಡು ಸಂಜೆ ಕೊಡಿ.

ಯಾವ ಎರಡು? ಶನಿವಾರ, ಭಾನುವಾರ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ನಮ್ಮಲ್ಲಿ ವಾರದ ಕೊನೆಯೇ ಎಲ್ಲಕ್ಕಿಂತ ಅಭದ್ರ. ಕೋಡಿಂಗ್ ಬಳಗದವರು ಸೇರುವ ಮೀಟಪ್ ಶನಿವಾರ, ಚಾರಣ ಶನಿವಾರ ರಾತ್ರಿ, ಗೃಹಪ್ರವೇಶ ಭಾನುವಾರ, ಬಡಾವಣೆಯ ಸಭೆಯೂ ಭಾನುವಾರ. ಮಂಗಳವಾರ ನೋಡಿ. ಮದುವೆ, ಗೃಹಪ್ರವೇಶ ಆ ದಿನ ಇಟ್ಟುಕೊಳ್ಳುವವರು ಕಡಿಮೆ. ಮೀಟಪ್‌ಗಳೂ ಕಡಿಮೆ. ಮಂಗಳವಾರ, ಗುರುವಾರ ಸಂಜೆ ಎಂಟರಿಂದ ಹತ್ತು ಅಂತ ಇಟ್ಟುಕೊಂಡರೆ ಅದನ್ನು ಕಸಿದುಕೊಳ್ಳಲು ಯಾರೂ ಬರುವುದಿಲ್ಲ, ಆಫೀಸನ್ನು ಬಿಟ್ಟರೆ. ಶನಿವಾರ ಮಧ್ಯಾಹ್ನವನ್ನು ಮೀಸಲಾಗಿಡಿ. ವಾರದಲ್ಲಿ ಒಂದು ಸಂಜೆ ತಪ್ಪಿದರೆ ಮಾತ್ರ ಅದನ್ನು ಮುಟ್ಟಿ.

ಎರಡು ಕೂರುವಿಕೆಗಳ ನಡುವೆ ದಾರಿ ತಪ್ಪದ ಹಾಗೆ ಒಂದು ಸಣ್ಣ ಉಪಾಯವಿದೆ. ಏಳುವ ಮುಂಚೆ ಕೋಡ್ ಫೈಲಿನ ತುದಿಯಲ್ಲಿ ಮುಂದೇನು ಅಂತ ಒಂದು ಸಾಲು ಬರೆದಿಡಿ. "ತಾರೀಖು ಓದುವ ಫಂಕ್ಷನ್ ಖಾಲಿ ಸಾಲು ಬಂದರೆ ಬೀಳುತ್ತಿದೆ, ಅಲ್ಲಿಂದ ಶುರು" ಅನ್ನುವ ಹಾಗೆ. ಕನ್ನಡದಲ್ಲೇ ಬರೆಯಿರಿ, ಕಂಪ್ಯೂಟರ್ ಓದದೆ ಬಿಡುವ ಇಂಥ ಸಾಲಿಗೆ, ಅಂದರೆ ಕಾಮೆಂಟ್‌ಗೆ, ಯಾವ ಭಾಷೆಯಾದರೂ ಒಂದೇ. ಕೆಲಸ ಪೂರ್ತಿ ಮುಗಿಸಿ ಏಳುವುದಕ್ಕಿಂತ ಒಂದು ಎರರ್ ಕಾಣುತ್ತಿರುವಾಗ ಎದ್ದರೆ ಮತ್ತೆ ಕೂರುವುದು ಸುಲಭ. ಎಲ್ಲಿಂದ ಶುರು ಅನ್ನುವುದು ಪರದೆಯ ಮೇಲೇ ಇರುತ್ತದೆ.

ಬೆಂಗಳೂರಿನವರಿಗೆ ಮೆಟ್ರೋದ ಆಸೆ ಒಂದಿದೆ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದ ತನಕ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬಂತು. ದಿನಾ ಇಷ್ಟು ಹೊತ್ತು ರೈಲಿನಲ್ಲೇ ಕಲಿಯಬಹುದಲ್ಲಾ ಅನಿಸುತ್ತದೆ. ಸೀಟು ಸಿಕ್ಕಿದರೆ ಓದಬಹುದು. ಬೇರೆಯವರ ಕೋಡ್ ನೋಡಬಹುದು, ಡಾಕ್ಯುಮೆಂಟೇಶನ್ ಓದಬಹುದು. ಆದರೆ ಫೋನಿನಲ್ಲಿ ವಿಡಿಯೋ ನೋಡಿದ್ದನ್ನು ಕಲಿಕೆಯ ಗಂಟೆ ಅಂತ ಬರೆದುಕೊಳ್ಳಬೇಡಿ. ಕೀಬೋರ್ಡ್ ಮುಟ್ಟದ ಗಂಟೆ ತಯಾರಿಯ ಗಂಟೆ, ಅಷ್ಟೇ.

ಹವ್ಯಾಸಕ್ಕೆ ಕಾಲವಿದ್ದರೆ ಓದಿಗೂ ಕಾಲ ಇಟ್ಟುಕೊಳ್ಳಿ

ಇದನ್ನು ಯಾಕೋ ಯಾರೂ ಹೇಳುವುದಿಲ್ಲ. ವರ್ಷವಿಡೀ ಒಂದೇ ವೇಗದಲ್ಲಿ ಓಡಬೇಕು ಅನ್ನುವ ನಿಯಮ ಎಲ್ಲಿದೆ?

ಕರಾವಳಿಯ ಯಕ್ಷಗಾನದವರನ್ನು ನೋಡಿ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಗೆ, ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಆಟ ನೋಡುವ ಹುಚ್ಚಿದ್ದವರಿಗೂ, ಹವ್ಯಾಸಿಯಾಗಿ ವೇಷ ಹಾಕುವವರಿಗೂ ಆ ಆರು ತಿಂಗಳು ರಾತ್ರಿಗಳು ತಮ್ಮ ಕೈಯಲ್ಲಿ ಇರುವುದಿಲ್ಲ. ಈಗ ಕಾಲಮಿತಿ ಯಕ್ಷಗಾನ ಜಾಸ್ತಿಯಾಗಿ ನಡುರಾತ್ರಿಗೇ ಮುಗಿಯುವುದು ನಿಜ. ಆದರೂ ಮರುದಿನ ಸಂಜೆ ಕೂತು ಸಿ ಭಾಷೆಯ ಪಾಯಿಂಟರ್ ಅರ್ಥ ಮಾಡಿಕೊಳ್ಳುವ ತಲೆ ಉಳಿದಿರುವುದಿಲ್ಲ. ಜೂನ್‌ನಿಂದ ಅಕ್ಟೋಬರ್ ಬೇರೆಯೇ. ಹೊರಗೆ ಮಳೆ, ಆಟವಿಲ್ಲ. ಅಲ್ಲೊಂದು ಇಲ್ಲೊಂದು ತಾಳಮದ್ದಳೆ, ಮನೆ ಬಾಗಿಲಿಗೆ ಬರುವ ಚಿಕ್ಕಮೇಳ. ಕರೆಂಟ್ ಇದ್ದರೆ ಇದಕ್ಕಿಂತ ಓದುವ ಕಾಲ ಸಿಗಲಾರದು.

ಐಐಟಿಗಳ ಆನ್‌ಲೈನ್ ಕೋರ್ಸ್‌ಗಳ ತಾಣ ಎನ್‌ಪಿಟಿಇಎಲ್‌ನ ಒಂದು ಸೆಮಿಸ್ಟರ್ ಶುರುವಾಗುವುದು ಸರಿಯಾಗಿ ಜುಲೈನಲ್ಲಿ. ಮಳೆಗಾಲದಲ್ಲಿ ಒಂದು ಕೋರ್ಸ್ ಮುಗಿಸಿ ಪರೀಕ್ಷೆ ಬರೆದರೆ ಮೇಳ ಹೊರಡುವ ಹೊತ್ತಿಗೆ ನೀವೂ ಬಿಡುವು. ತಿರುಗಾಟದ ತಿಂಗಳುಗಳಲ್ಲಿ ಹೊಸದೇನೂ ಶುರು ಮಾಡಬೇಡಿ. ಕಲಿತದ್ದು ಮರೆಯದ ಹಾಗೆ ವಾರಕ್ಕೊಂದು ಸಣ್ಣ ಲೆಕ್ಕ ಸಾಕು.

ಚಾರಣದವರಿಗೆ ಇದೇ ಲೆಕ್ಕ ತಿರುಗಾಮುರುಗಾ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಹಲವು ದಾರಿಗಳನ್ನು ಮುಚ್ಚುತ್ತದೆ. ಬಿಸಿಲೂ ತಡೆಯಲಾಗದು. ಫೆಬ್ರವರಿಯಿಂದ ಮೇ ತನಕ ಅವರಿಗೆ ಓದುವ ಕಾಲ. ಎನ್‌ಪಿಟಿಇಎಲ್‌ನ ಇನ್ನೊಂದು ಸೆಮಿಸ್ಟರ್ ಜನವರಿಯಲ್ಲಿ ಶುರುವಾಗುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ.

ಕಾಲದ ಏರ್ಪಾಡಿಗೆ ಒಂದೇ ಕೊರತೆ. ನೀವು ಕೆಲಸ ಬದಲಿಸುವ ಅವಸರದಲ್ಲಿದ್ದರೆ ಇದು ನಿಧಾನ. ಆರು ತಿಂಗಳಲ್ಲಿ ಇಂಟರ್‌ವ್ಯೂಗೆ ಕೂರಬೇಕಾದವರು ಈ ಭಾಗವನ್ನು ಸುಮ್ನೆ ಓದಿ ಬಿಟ್ಟುಬಿಡಿ.

ಹವ್ಯಾಸವನ್ನೇ ಪ್ರಾಜೆಕ್ಟ್ ಮಾಡಿಕೊಂಡರೆ

ಟು-ಡೂ ಲಿಸ್ಟ್, ಕ್ಯಾಲ್ಕುಲೇಟರ್, ಹವಾಮಾನದ ಆಪ್ ಎಲ್ಲರೂ ಮಾಡುತ್ತಾರೆ. ಮುಗಿದ ಮೇಲೆ ಮಾಡಿದವರೇ ಅದನ್ನು ಬಳಸುವುದಿಲ್ಲ. ಹವ್ಯಾಸದಿಂದ ಹುಟ್ಟಿದ ಪ್ರಾಜೆಕ್ಟ್ ಹಾಗಲ್ಲ. ಹತ್ತು ದಿನ ಬಿಟ್ಟು ಬಂದರೂ ಅದು ಏನು ಮಾಡಬೇಕಿತ್ತು ಅನ್ನುವುದು ನಿಮಗೆ ಮೊದಲೇ ಗೊತ್ತಿರುತ್ತದೆ.

ಹಳಗನ್ನಡ, ನಡುಗನ್ನಡ ಕಾವ್ಯ ಓದುವ ಹವ್ಯಾಸ ಇದೆ ಅಂದುಕೊಳ್ಳೋಣ. ಅಥವಾ ಗಮಕ ಕಲಿಯುತ್ತಿದ್ದೀರಿ. ಭಾಮಿನಿ ಷಟ್ಪದಿಯ ಮಾತ್ರೆ ಎಣಿಸುವ ಒಂದು ಪ್ರೋಗ್ರಾಮ್ ಬರೆಯಲು ಹೊರಡಿ. ನಿಯಮ ಶಾಲೆಯಲ್ಲಿ ಕಲಿತದ್ದೇ: ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ ಮೂರು-ನಾಲ್ಕು-ಮೂರು-ನಾಲ್ಕು, ಅಂದರೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ ಅದೇ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23. ಒಟ್ಟು 102. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಅನುಸ್ವಾರ ವಿಸರ್ಗ ಇದ್ದರೆ ಎರಡು. ಅರ್ಧ ಗಂಟೆಯ ಕೆಲಸ ಅನಿಸುತ್ತದೆ, ಅಲ್ವಾ?

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ "ಕನ್ನಡ" ಅಂತ ಕೊಟ್ಟು ಉದ್ದ ಎಷ್ಟು ಅಂತ ಕೇಳಿ. 5 ಅನ್ನುತ್ತದೆ. ನಾವು ಎಣಿಸುವುದು ಮೂರು ಅಕ್ಷರ. ಕಂಪ್ಯೂಟರ್ ಲಿಪಿಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಅದು ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ ಅಂತ ಕೂತಿರುತ್ತದೆ. "ಯಕ್ಷಗಾನ"ಕ್ಕೆ 7 ಅನ್ನುತ್ತದೆ. ಅಕ್ಷರ ನಾಲ್ಕು, ಮಾತ್ರೆ ಆರು. ಹಾಗಾದರೆ ಮೊದಲ ಕೆಲಸ ಈ ಚೂರುಗಳನ್ನು ಅಕ್ಷರಗಳಾಗಿ ಕೂಡಿಸುವುದು. ಸ್ವರಚಿಹ್ನೆ ಬಂದರೆ ಹಿಂದಿನದಕ್ಕೆ ಅಂಟಿಸು, ಹಲಂತ ಬಂದು ಅದರ ಮುಂದೆಯೇ ವ್ಯಂಜನ ಬಂದರೆ ಅದನ್ನೂ ಅಂಟಿಸು. ಇಲ್ಲಿ ಲೂಪ್ ಬಂತು, ಇಫ್ ಬಂತು, ಲಿಸ್ಟ್ ಬಂತು.

ಆಮೇಲೆ "ಸೂರ್ಯ" ಬರುತ್ತದೆ. ಬರೆಯುವಾಗ ಅರ್ಕಾವೊತ್ತನ್ನು ಯಕಾರದ ಆಚೆಗೆ ಹಾಕುತ್ತೇವೆ. ಕಂಪ್ಯೂಟರಿನೊಳಗೆ ರಕಾರ ಮೊದಲು, ಯಕಾರ ಆಮೇಲೆ. ಕಣ್ಣಿಗೆ ಕಂಡದ್ದನ್ನು ನಂಬಿ ಕೋಡ್ ಬರೆದರೆ ಇಲ್ಲಿ ಗೊಂದಲ. ಆಮೇಲೆ "ಕೋ" ಬರುತ್ತದೆ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಬಿಡಿ ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಎರಡೂ ಸಮವೇ ಅಂತ ಪೈಥಾನ್‌ಗೆ ಕೇಳಿದರೆ ಅಲ್ಲ ಅನ್ನುತ್ತದೆ. ಇಂಥವನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಾರ್ಮಲೈಸೇಶನ್ ಅನ್ನುವ ಪಾಠ ಕೋರ್ಸಿನಲ್ಲಿ ಬಂದಿದ್ದರೆ ತೂಕಡಿಸುತ್ತಿದ್ದಿರಿ. ಇಲ್ಲಿ ಅದು ಬೇಕೇ ಬೇಕು.

ಕೊನೆಗೆ ಶಿಥಿಲದ್ವಿತ್ವ. ಕೆಲವು ಕಡೆ ಒತ್ತಕ್ಷರವನ್ನು ತೇಲಿಸಿ ಹೇಳುತ್ತಾರೆ, ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಯಾವಾಗ ಹಾಗೆ ಅನ್ನುವುದು ಅಕ್ಷರ ನೋಡಿ ಗೊತ್ತಾಗುವುದಿಲ್ಲ, ಓದುವವರಿಗೆ ಗೊತ್ತಿರಬೇಕು. ಪ್ರೋಗ್ರಾಮ್ "ಈ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಿದೆ, ನೋಡಿ" ಅಂತ ತೋರಿಸಿದರೆ ಸಾಕು. ಗಮಕದ ಗುರುಗಳಿಗೆ ತೋರಿಸಿದರೆ ಅರ್ಧ ಗಂಟೆ ಮಾತಾಡುತ್ತಾರೆ. ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಕರು ಸಿಗುವುದಿಲ್ಲ.

ಬೇರೆ ಹವ್ಯಾಸಗಳಿಗೂ ಇಂಥವು ಇವೆ. ಚಾರಣದವರು ಫೋನಿನಲ್ಲಿ ದಾಖಲಾದ ಜಿಪಿಎಕ್ಸ್ ಫೈಲ್ (ನಡೆದ ದಾರಿಯ ದಾಖಲೆ) ತೆಗೆದು ಏರಿಳಿತದ ಗ್ರಾಫ್ ಬರೆಯಬಹುದು. ಹಕ್ಕಿ ನೋಡುವವರು ಹಕ್ಕಿ ದಾಖಲಿಸುವ ತಾಣ ಇಬರ್ಡ್‌ನಿಂದ ತಮ್ಮ ಪಟ್ಟಿಯನ್ನೆಲ್ಲ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಆಗಿ ಇಳಿಸಿಕೊಂಡು ಯಾವ ತಿಂಗಳು ಯಾವ ಹಕ್ಕಿ ಅಂತ ಲೆಕ್ಕ ಹಾಕಬಹುದು. ಚೆಸ್ ಆಡುವವರಿಗೆ ಆಟದ ನಡೆಗಳನ್ನು ಬರೆದಿಡುವ ಪಿಜಿಎನ್ ಫೈಲ್‌ಗಳಿವೆ.

ಒಂದು ಎಚ್ಚರಿಕೆ ಮಾತ್ರ. ಇರುವ ಒಂದೇ ಹವ್ಯಾಸವನ್ನೂ ಪರದೆಯ ಮೇಲೆ ತಂದು ಕೂರಿಸಿದರೆ ಕಣ್ಣಿಗೂ ತಲೆಗೂ ಬಿಡುವು ಎಲ್ಲಿಂದ? ಒಂದಾದರೂ ಹವ್ಯಾಸ ಲ್ಯಾಪ್‌ಟಾಪಿನಿಂದ ದೂರ ಇರಲಿ. ಅದು ಸುಮ್ನೆ ನಡೆಯುವುದಾದರೂ ಸರಿ.

ಈಗ ಕೋರ್ಸ್

ಎನ್‌ಪಿಟಿಇಎಲ್ ಶಿಸ್ತಿನದು. ಐಐಟಿಗಳೂ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ್ದು. ಪಾಠ ನೋಡಲು ಕಾಸಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್ ಎಂಟು ವಾರದ್ದು, ಹೊಸಬರಿಗೆ ಸ್ವಲ್ಪ ಗಟ್ಟಿ. ವಾರಕ್ಕೊಂದು ಅಸೈನ್‌ಮೆಂಟ್, ಕೊನೆಯ ದಿನ ದಾಟಿದರೆ ಮುಗಿಯಿತು. ಹಾಗಾದರೆ ಹತ್ತು ದಿನದ ಪರೀಕ್ಷೆಯಲ್ಲಿ ಇದು ಫೇಲ್ ಅಲ್ಲವೇ? ಅಲ್ಲ. 12 ವಾರದ ಕೋರ್ಸಿನಲ್ಲಿ ಒಳ್ಳೆಯ ಅಂಕ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 8 ವಾರದ್ದರಲ್ಲಿ 6. ಅಂದರೆ ಗಣೇಶನಿಗೊಂದು ವಾರ, ದಸರಾಕ್ಕೊಂದು ವಾರ ರಜೆ ನಿಯಮದಲ್ಲೇ ಇದೆ. ಅಸೈನ್‌ಮೆಂಟ್‌ಗೆ ಶೇ 25, ಪರೀಕ್ಷೆಗೆ ಶೇ 75. ಗಡುವು ಇದ್ದರೆ ಮಾತ್ರ ಕೂರುವ ಸ್ವಭಾವ ನಿಮ್ಮದಾದರೆ ಇದನ್ನೇ ಹಿಡಿಯಿರಿ. ಮುಂದೂಡುವ ಅಭ್ಯಾಸ ಇರುವವರಿಗೆ ಬಿಡುವಿನ ಕೋರ್ಸ್‌ಗಿಂತ ಇದು ವಾಸಿ.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಕೋರ್ಸ್ ಇನ್ನೊಂದು ತುದಿ. ಡೇವಿಡ್ ಮೇಲನ್ ಅವರ ಪಾಠ ನಾಟಕ ನೋಡಿದಷ್ಟು ರಂಜನೆ. ಬಣ್ಣದ ತುಂಡು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್‌ನಿಂದ ಶುರುವಾಗಿ ಮರುವಾರವೇ ಸಿ ಭಾಷೆಗೆ ಹಾರುತ್ತದೆ, ಆಮೇಲೆ ಪೈಥಾನ್, ಡೇಟಾಬೇಸಿನ ಎಸ್‌ಕ್ಯುಎಲ್, ವೆಬ್. ಗಡುವು ವರ್ಷದ ಕೊನೆಗೆ. ಅಷ್ಟರಲ್ಲಿ ಮುಗಿಯದಿದ್ದರೆ ಮಾಡಿದ ಕೆಲಸ ಮುಂದಿನ ವರ್ಷಕ್ಕೆ ಬರುತ್ತದೆ. ಬಿಟ್ಟು ಹಿಡಿಯಲು ತುಂಬ ಸುಲಭ ಅನಿಸುತ್ತದೆ. ಆದರೆ ಒಂದೊಂದು ಪ್ರಾಬ್ಲಮ್ ಸೆಟ್ ದೊಡ್ಡದು, ನಡುವೆ ಬಿಟ್ಟರೆ ಆ ಲೆಕ್ಕವನ್ನು ತಲೆಗೆ ಮತ್ತೆ ತುಂಬಿಕೊಳ್ಳಬೇಕು. ಹಾಗಾಗಿ ಬಿಡುವುದಾದರೆ ಒಂದು ಸೆಟ್ ಮುಗಿಸಿ ಬಿಡಿ, ನಡುವೆ ಬೇಡ. ವಾರಕ್ಕೆರಡು ದೊಡ್ಡ ಸಂಜೆ ಇರುವವರಿಗೆ ಇದು ಸರಿ. ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರಿಗೆ ಸಲ್ಲದು.

ಆ ಅರ್ಧ ಗಂಟೆಯವರಿಗೆ ಫ್ರೀಕೋಡ್‌ಕ್ಯಾಂಪ್ ಇದೆ. ಚಿಕ್ಕ ಚಿಕ್ಕ ಹೆಜ್ಜೆ, ಬ್ರೌಸರಿನಲ್ಲೇ ಕೆಲಸ, ಎಲ್ಲಿ ಬಿಟ್ಟಿರೋ ಅಲ್ಲಿಂದ ತೆರೆಯುತ್ತದೆ. ತಿಂಗಳು ಬಿಟ್ಟು ಬಂದರೂ ಮುಂದಿನ ಹೆಜ್ಜೆ ಕಾದಿರುತ್ತದೆ. ಕೊರತೆ ಅಂದರೆ ಕೈ ಹಿಡಿದು ನಡೆಸುವುದು ಸ್ವಲ್ಪ ಜಾಸ್ತಿ. ಖಾಲಿ ಫೈಲ್ ತೆರೆದಾಗ ಏನೂ ತೋಚುವುದಿಲ್ಲ. ಓಡಿನ್ ಪ್ರಾಜೆಕ್ಟ್ ಅನ್ನುವ ವೆಬ್ ಕೋರ್ಸ್ ಇದಕ್ಕೆ ತದ್ವಿರುದ್ಧ. ನಿಮ್ಮದೇ ಕಂಪ್ಯೂಟರಿನಲ್ಲಿ ಲಿನಕ್ಸ್, ಕೋಡಿನ ಬದಲಾವಣೆ ದಾಖಲಿಸುವ ಗಿಟ್ ಎಲ್ಲ ಕೂರಿಸಿಕೊಂಡು ಕೆಲಸ ಮಾಡಬೇಕು. ವಿಂಡೋಸ್ ಇರುವವರಿಗೆ ಆ ಕೂರಿಸುವ ಕೆಲಸಕ್ಕೇ ಒಂದು ಶನಿವಾರ ಹೋಗುತ್ತದೆ. ಆದರೆ ಅಲ್ಲಿ ಕಲಿತದ್ದು ಕೈಬಿಡುವುದಿಲ್ಲ. ವೆಬ್ ಕೆಲಸವೇ ಗುರಿಯಾದರೆ ನನ್ನ ಮತ ಇದಕ್ಕೆ.

ಕನ್ನಡದಲ್ಲಿ ಕೇಳಿದರೆ ತಲೆಗೆ ಹತ್ತುತ್ತದೆ ಅನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಹತ್ತು ನಿಮಿಷದ ಆಸುಪಾಸಿನ ತುಣುಕುಗಳು. ಹಲವು ವಿಷಯಗಳಿಗೆ ಕನ್ನಡದ ದನಿ ಇದೆ. ನೋಡುತ್ತಾ ಪಕ್ಕದಲ್ಲೇ ಮಾಡಿ ನೋಡುವ ಪದ್ಧತಿ. ಇಡೀ ಕಲಿಕೆಗೆ ಅದೊಂದೇ ಸಾಲದು. ಲಿನಕ್ಸ್ ಕಮಾಂಡ್ ಥರದ ಬಿಡಿ ವಿಷಯಗಳಿಗೆ ಚೆನ್ನ.

ಮೀಟಪ್, ಕಾನ್ಫರೆನ್ಸ್, ಹ್ಯಾಕಥಾನ್

ಇಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಮೊದಲ ವರ್ಷ ತಿಂಗಳಿಗೊಂದು ಮೀಟಪ್ ಸಾಕು. ಕಾನ್ಫರೆನ್ಸ್ ವರ್ಷಕ್ಕೊಂದು. ಬಿಡದೆ ಕೂತು ಕೋಡ್ ಬರೆಯುವ ಸ್ಪರ್ಧೆ, ಅಂದರೆ ಹ್ಯಾಕಥಾನ್, ಬೇಡ.

ಬೆಂಗಳೂರಿನಲ್ಲಿ ಬ್ಯಾಂಗ್‌ಪೈಪರ್ಸ್ ಅನ್ನುವ ಪೈಥಾನ್ ಬಳಗವಿದೆ, ಮೀಟಪ್ ನಡೆಸುತ್ತದೆ. ಮುಕ್ತ ತಂತ್ರಾಂಶದವರಿಗೆ ಫಾಸ್ ಯುನೈಟೆಡ್‌ನ ಮೀಟಪ್‌ಗಳಿವೆ. ಪ್ರವೇಶಕ್ಕೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ, ಹೆಸರು ನೋಂದಾಯಿಸಿದರೆ ಸಾಕು. ಒಂದು ತಿಂಗಳು ತಪ್ಪಿದರೆ ಮುಂದಿನ ತಿಂಗಳು ಇದ್ದೇ ಇದೆ. ಭಾಷಣ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅರ್ಧ ಅರ್ಥವಾಗುವುದಿಲ್ಲ. ಪರವಾಗಿಲ್ಲ. ಕೆಲಸ ಆಗುವುದು ಚಹಾ ಹೊತ್ತಿಗೆ. ಹೋಗುವ ಮುಂಚೆ ನಿಮ್ಮ ಕೋಡಿನಲ್ಲಿ ಸಿಕ್ಕಿಹಾಕಿಕೊಂಡಿರುವ ಒಂದು ಜಾಗವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟುಕೊಂಡು ಹೋಗಿ. "ಕರಿಯರ್‌ಗೆ ಏನು ಮಾಡಲಿ ಸರ್?" ಅಂದರೆ ಯಾರೂ ನಿಲ್ಲುವುದಿಲ್ಲ. "ಈ ಸಾಲು ಯಾಕೆ ಬೀಳುತ್ತಿದೆ, ಸ್ವಲ್ಪ ನೋಡ್ತೀರಾ?" ಅಂದರೆ ಮೂರು ಜನ ಬಗ್ಗಿ ನೋಡುತ್ತಾರೆ. ಅದರಲ್ಲೊಬ್ಬರು ಕನ್ನಡದಲ್ಲೇ ಶುರು ಮಾಡುವ ಸಾಧ್ಯತೆಯೂ ಇದೆ.

ಕಾನ್ಫರೆನ್ಸ್ ಎರಡು ಮೂರು ದಿನ ತಿನ್ನುತ್ತದೆ, ಟಿಕೆಟ್‌ಗೂ ದುಡ್ಡು. ಪೈಥಾನ್‌ನವರ ಕಾನ್ಫರೆನ್ಸ್ ಪೈಕಾನ್ ಇಂಡಿಯಾ ಮೊದಲ ಸಲ ನಡೆದದ್ದು 2009ರಲ್ಲಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ. ಈಗ ದೊಡ್ಡ ಜಾತ್ರೆ. ಭಾಷಣಗಳ ವಿಡಿಯೋ ಆಮೇಲೆ ಹೇಗೂ ಸಿಗುತ್ತವೆ. ಹೋಗುವುದಾದರೆ ಡೆವ್‌ಸ್ಪ್ರಿಂಟ್ ಇರುವ ದಿನ ಹೋಗಿ. ಅಲ್ಲಿ ಪ್ರಾಜೆಕ್ಟ್ ನಡೆಸುವವರ ಪಕ್ಕದಲ್ಲೇ ಕೂತು ಮೊದಲ ಕೊಡುಗೆ ಹಾಕಬಹುದು. ಕೂತು ಕೇಳುವುದಕ್ಕಿಂತ ಅದು ಎಷ್ಟೋ ಮೇಲು.

ಹ್ಯಾಕಥಾನ್ ಯಾಕೆ ಬೇಡ? ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನೋಡಿ. ಆರು ಜನರ ತಂಡ, ಸಾಫ್ಟ್‌ವೇರ್ ವಿಭಾಗದ ಫೈನಲ್ 36 ಗಂಟೆ. ಕಾಲೇಜು ಮಕ್ಕಳಿಗೆ ಅದು ಒಳ್ಳೆಯ ಅನುಭವ. ಆದರೆ ಆಗತಾನೆ ಕಲಿಯುತ್ತಿರುವವರಿಗೆ ಆ ತಂಡದಲ್ಲಿ ಸಿಗುವ ಕೆಲಸ ಪಿಪಿಟಿ ಮಾಡುವುದು. ನಿದ್ದೆಗೆಟ್ಟ ಮೇಲೆ ಸುಧಾರಿಸಿಕೊಳ್ಳಲು ಮೂರು ದಿನ ಬೇಕು. ಆ ವಾರದ ಎರಡು ಸಂಜೆಯೂ ಹೋಯಿತು, ಹವ್ಯಾಸವೂ ಹೋಯಿತು.

ಮನೆಯಲ್ಲೇ ಕೂತು ಸೇರಬಹುದಾದವೂ ಇವೆ. ಡಿಸೆಂಬರಿನಲ್ಲಿ ದಿನಕ್ಕೊಂದು ಕೋಡಿಂಗ್ ಒಗಟು ಕೊಡುವ ಅಡ್ವೆಂಟ್ ಆಫ್ ಕೋಡ್ ಬರುತ್ತದೆ, 2015ರಿಂದ ನಡೆಯುತ್ತಿದೆ. ಮೊದಲು 25 ದಿನ ಇರುತ್ತಿತ್ತು, 2025ರಲ್ಲಿ 12ಕ್ಕೆ ಇಳಿಸಿದರು. ಜಗತ್ತಿಗೆಲ್ಲ ಒಂದೇ ರ‍್ಯಾಂಕ್ ಪಟ್ಟಿಯನ್ನೂ ತೆಗೆದರು. ನಮಗಂತೂ ಒಳ್ಳೆಯದೇ ಆಯಿತು. ಒಗಟು ತೆರೆಯುವುದು ನಮ್ಮ ಬೆಳಿಗ್ಗೆ 10.30ಕ್ಕೆ, ಆಫೀಸಿನ ಹೊತ್ತು. ಈಗ ಆರಾಮವಾಗಿ ರಾತ್ರಿ ಬಿಡಿಸಬಹುದು, ಮುಂದಿನ ತಿಂಗಳೂ ಬಿಡಿಸಬಹುದು. ಮುಕ್ತ ತಂತ್ರಾಂಶಕ್ಕೆ ಕೊಡುಗೆ ಕಳಿಸುವ ಅಕ್ಟೋಬರಿನ ಹ್ಯಾಕ್ಟೋಬರ್‌ಫೆಸ್ಟ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಬಹುಮಾನದ ಆಸೆಗೆ ಅಲ್ಪವಿರಾಮ ತಿದ್ದಿ ಕಳಿಸುವವರ ಕಾಟ 2020ರಲ್ಲಿ ಎಷ್ಟಾಯಿತೆಂದರೆ ಅದನ್ನು ನಡೆಸುವವರೇ ನಿಯಮ ಬದಲಿಸಬೇಕಾಯಿತು.

ಅದರ ಬದಲು ಕನ್ನಡ ವಿಕಿಪೀಡಿಯ, ಹಳೆಯ ಪುಸ್ತಕಗಳನ್ನು ಇಡುವ ವಿಕಿಸೋರ್ಸ್ ನೋಡಿ. ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಮಾಡಿದ ಒಂದು ಪುಟ ಓದಿ ತಿದ್ದಲು ಹದಿನೈದು ನಿಮಿಷ ಸಾಕು. ಯಾವಾಗ ಬೇಕಾದರೂ ಬಿಡಬಹುದು. ಒಂದೇ ಥರದ ತಪ್ಪು ಪುಟ ಪುಟದಲ್ಲೂ ಬರುವುದನ್ನು ನೋಡಿದ ಮೇಲೆ ಅದಕ್ಕೊಂದು ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮ್) ಬರೆಯುವ ಮನಸ್ಸಾಗುತ್ತದೆ. ಪೈಥಾನ್‌ನ ಪೈವಿಕಿಬಾಟ್ ಇರುವುದು ಅದಕ್ಕೇ. ತಾನಾಗಿಯೇ ತಿದ್ದುವ ಇಂಥ ಬಾಟ್ ಓಡಿಸುವ ಮುಂಚೆ ಅಲ್ಲಿನ ಸಮುದಾಯವನ್ನು ಕೇಳಿ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದ ಕಡೆ ಇದ್ದು ಹತ್ತಿರ ಮೀಟಪ್ ಸಿಗದವರಿಗೆ, ಹೊರದೇಶದಲ್ಲಿದ್ದು ಕನ್ನಡದ ಒಡನಾಟ ಬೇಕೆನ್ನುವವರಿಗೆ ಇದಕ್ಕಿಂತ ಹೊಂದುವುದು ನನಗೆ ಗೊತ್ತಿಲ್ಲ.

ಬಡಾವಣೆಯ ರಾಜ್ಯೋತ್ಸವ

ಕಂಪ್ಯೂಟರ್ ಕಲಿಯುತ್ತಿದ್ದೀರಿ ಅಂತ ಬಡಾವಣೆಯಲ್ಲಿ ಗೊತ್ತಾಗುವ ತನಕ ಮಾತ್ರ ನೆಮ್ಮದಿ. ಆಮೇಲೆ ನವೆಂಬರಿನ ಕಾರ್ಯಕ್ರಮಕ್ಕೆ "ಒಂದು ವೆಬ್‌ಸೈಟ್ ಮಾಡಿಕೊಡಪ್ಪ" ಅಂತ ಬರುತ್ತಾರೆ. ಪ್ರಿಂಟರ್ ಕೆಟ್ಟರೂ ನಿಮ್ಮನ್ನೇ ಕರೆಯುತ್ತಾರೆ.

ವೆಬ್‌ಸೈಟ್ ಒಪ್ಪಿಕೊಳ್ಳಬೇಡಿ. ಅದಕ್ಕೆ ಪ್ರತಿ ವರ್ಷ ಡೊಮೈನ್ (ತಾಣದ ವಿಳಾಸ) ದುಡ್ಡು ಕಟ್ಟಬೇಕು, ಅಧ್ಯಕ್ಷರ ಫೋಟೊ ಬದಲಿಸಬೇಕು, ಕಾರ್ಯಕ್ರಮ ಮುಗಿದ ಮೇಲೂ ಅದು ನಿಮ್ಮ ತಲೆ ಮೇಲೇ. ಅದರ ಬದಲು ಕೊನೆಯಿರುವ ಒಂದು ಕೆಲಸ ಕೇಳಿ ತೆಗೆದುಕೊಳ್ಳಿ. ಮಕ್ಕಳ ಸ್ಪರ್ಧೆಗಳ ಹೆಸರು ಗೂಗಲ್ ಫಾರ್ಮ್‌ನಲ್ಲಿ ಬರಲಿ. ಅದನ್ನು ಸಿಎಸ್‌ವಿ ಮಾಡಿ ಇಳಿಸಿಕೊಂಡು, ವಯಸ್ಸಿನ ಪ್ರಕಾರ ಗುಂಪು ಮಾಡಿ, ಒಂದೇ ಮಗು ಒಂದೇ ಹೊತ್ತಿಗೆ ಎರಡು ಸ್ಪರ್ಧೆಯಲ್ಲಿ ಇರದ ಹಾಗೆ ವೇಳಾಪಟ್ಟಿ ಹಾಕುವ ಸ್ಕ್ರಿಪ್ಟ್ ಬರೆಯಿರಿ. ಎರಡು ಮಂಗಳವಾರದ ಕೆಲಸ. ಪ್ರಮಾಣಪತ್ರದ ಮೇಲೆ ಹೆಸರು ಅಚ್ಚು ಹಾಕುವುದನ್ನೂ ಅದೇ ಫೈಲಿನಿಂದ ಮಾಡಬಹುದು. ಫಾರ್ಮ್‌ನಲ್ಲಿ ಹೆಸರನ್ನು ಕನ್ನಡದಲ್ಲೇ ತುಂಬಲು ಮೊದಲೇ ಹೇಳಿ. ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಬಂದ ಹೆಸರುಗಳನ್ನೆಲ್ಲ ಅಕ್ಟೋಬರ್ 31ರ ರಾತ್ರಿ ಕೂತು ನೀವೇ ಟೈಪ್ ಮಾಡಬೇಕಾಗುತ್ತದೆ.